ಬೆಂಕಿಗೆ ಸಿಗದ ಹಾಳೆಗಳು: ಹಳೆಯ ಚೀನೀ ಕಥೆಗಳಲ್ಲಿ ಪ್ರೇಮ, ಸಾವು ಮತ್ತು ಹೆಣ್ಣಿನ ಬದುಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚೀನಾದ ಹಳೆಯ ನಾಟಕ, ಕಾದಂಬರಿ, ಸಣ್ಣಕಥೆಗಳನ್ನು ಓದಲು ಹೊರಟವರು ನನ್ನನ್ನು ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇಲ್ಲಿ ಬರುವ ಕೃತಿಗಳೆಲ್ಲ ಮಿಂಗ್ ಮತ್ತು ಚಿಂಗ್ ರಾಜವಂಶಗಳ ಕಾಲದವು. ಮಿಂಗ್ ಶುರುವಾದದ್ದು 1368ರಲ್ಲಿ, ಚಿಂಗ್ ಮುಗಿದದ್ದು 1912ರಲ್ಲಿ. ಉತ್ತರಗಳು ಒಂದೇ ಅಳತೆಯವಲ್ಲ. ನನಗೆ ಪ್ರಿಯವಾದ ಕಡೆ ಹೆಚ್ಚು ಹೊತ್ತು ನಿಂತಿದ್ದೇನೆ.

ಏನೂ ಗೊತ್ತಿಲ್ಲದವರು ಯಾವುದರಿಂದ ಶುರು ಮಾಡಬೇಕು?

‘ಪಿಯೋನಿ ಮಂಟಪ’ದಿಂದ (ಪಿಯೋನಿ ಒಂದು ಹೂವು). ಚೀನೀ ಭಾಷೆಯಲ್ಲಿ ‘ಮೂದಾನ್ ತಿಂಗ್’. ಇದು ಕಾದಂಬರಿಯಲ್ಲ, ಹಾಡುಗಳಲ್ಲಿ ಹೆಣೆದ 55 ದೃಶ್ಯಗಳ ನಾಟಕ. ಬರೆದವನು ಜ್ಯಾಂಗ್‌ಶಿ ಪ್ರಾಂತ್ಯದ ತಾಂಗ್ ಶ್ಯೆನ್‌ಜು. 1598ರಲ್ಲಿ, ಸರ್ಕಾರಿ ಹುದ್ದೆಯನ್ನು ಬಿಟ್ಟು ಊರಿಗೆ ಮರಳಿದ ವರ್ಷವೇ, ಇದಕ್ಕೆ ಮುನ್ನುಡಿ ಬರೆದ. ಮುಂದಿನ ಇನ್ನೂರು ವರ್ಷಗಳಲ್ಲಿ ಬಂದ ಎಷ್ಟೋ ಕಥೆಗಳ ತಾಯಿಬೇರು ಇಲ್ಲಿದೆ.

ದು ಲಿನ್ಯಾಂಗ್ ಹದಿನಾರರ ಹುಡುಗಿ. ಅಪ್ಪ ಜಿಲ್ಲೆಯ ದೊಡ್ಡ ಅಧಿಕಾರಿ. ಒಬ್ಬಳೇ ಮಗಳು ಎಂದು ಅವಳಿಗೆ ಪಾಠ ಹೇಳಲು ಮುದಿ ಮೇಷ್ಟರೊಬ್ಬರನ್ನು ನೇಮಿಸುತ್ತಾನೆ. ಮೇಷ್ಟರು ಪ್ರಾಚೀನ ಕಾವ್ಯಸಂಗ್ರಹದ ಮೊದಲ ಪದ್ಯವನ್ನೇ ಎತ್ತಿಕೊಳ್ಳುತ್ತಾರೆ: ನದಿಯ ನಡುಗಡ್ಡೆಯಲ್ಲಿ ಜೋಡಿಹಕ್ಕಿಗಳ ಕೂಗು, ಚೆಲುವೆಗಾಗಿ ಹಂಬಲಿಸುವ ಯುವಕ. ಇದು ರಾಣಿಯ ಸದ್ಗುಣವನ್ನು ಹೊಗಳುವ ಪದ್ಯ ಎಂದು ಮೇಷ್ಟರ ವಿವರಣೆ. ಹುಡುಗಿಗೆ ಕೇಳಿಸುವುದೇ ಬೇರೆ. ಹಕ್ಕಿಗಿರುವ ಭಾಗ್ಯ ಮನುಷ್ಯರಿಗಿಲ್ಲವೇ ಎಂದುಕೊಳ್ಳುತ್ತಾಳೆ. ತನ್ನ ಮನೆಯ ಹಿಂದೆಯೇ ಒಂದು ತೋಟವಿರುವುದು ಕೂಡ ಅವಳಿಗೆ ಗೊತ್ತಿರುವುದಿಲ್ಲ. ಸೇವಕಿ ಚುನ್‌ಶ್ಯಾಂಗ್ ಹೇಳಿದ ಮೇಲೆ ತಿಳಿಯುತ್ತದೆ. ಅಪ್ಪ ಊರಿನಲ್ಲಿ ಇಲ್ಲದ ದಿನ ಇಬ್ಬರೂ ಅಲ್ಲಿಗೆ ಹೋಗುತ್ತಾರೆ. ಪಾಳುಬಿದ್ದ ಗೋಡೆಗಳ ನಡುವೆ ನೋಡುವವರಿಲ್ಲದೆ ಬಿರಿದ ಹೂಗಳನ್ನು ಕಂಡು ಅವಳ ಎದೆ ಕಲಕುತ್ತದೆ. ಕೋಣೆಗೆ ಮರಳಿ ಮಂಪರಿನಲ್ಲಿದ್ದಾಗ ವಿಲೋ ಕೊಂಬೆ ಹಿಡಿದ ತರುಣನೊಬ್ಬ ಕನಸಿನಲ್ಲಿ ಬರುತ್ತಾನೆ. ಕನಸಿನಲ್ಲೇ ಒಂದಾಗುತ್ತಾರೆ. ಎಚ್ಚರವಾದ ಮೇಲೆ ಅವಳು ಆ ಕನಸನ್ನು ಹುಡುಕಿಕೊಂಡು ಮತ್ತೆ ತೋಟಕ್ಕೆ ಹೋಗುತ್ತಾಳೆ. ಕನಸು ಸಿಗುವುದಿಲ್ಲ. ದಿನದಿನಕ್ಕೂ ಸೊರಗುತ್ತಾಳೆ. ಕನ್ನಡಿಯಲ್ಲಿ ತನ್ನ ಮುಖ ಬಾಡುತ್ತಿರುವುದನ್ನು ಕಂಡು, ಇದ್ದ ಚೆಲುವು ಪೂರ್ತಿ ಅಳಿಯುವ ಮುನ್ನ ತನ್ನ ಚಿತ್ರವನ್ನು ತಾನೇ ಬರೆದಿಡುತ್ತಾಳೆ. ಶರತ್ಕಾಲದ ಹುಣ್ಣಿಮೆಯ ರಾತ್ರಿ, ಮಳೆ ಸುರಿಯುತ್ತಿರುವಾಗ, ತೀರಿಕೊಳ್ಳುತ್ತಾಳೆ. ತೋಟದ ಪ್ಲಮ್ ಮರದ ಬುಡದಲ್ಲಿ ಹೂಳಬೇಕೆಂಬುದು ಅವಳ ಕೊನೆಯ ಆಸೆ.

ಮೂರು ವರ್ಷಗಳ ನಂತರ ಲ್ಯೂ ಮೆಂಗ್‌ಮೇ ಎಂಬ ಬಡ ವಿದ್ಯಾರ್ಥಿಗೆ ಆ ಚಿತ್ರ ಸಿಗುತ್ತದೆ. ಅವನು ಚಿತ್ರವನ್ನು ಕರೆಯುತ್ತಾನೆ, ಅವಳು ದೆವ್ವವಾಗಿ ಬರುತ್ತಾಳೆ. ತನ್ನ ಗೋರಿಯನ್ನು ಅಗೆದು ಎಬ್ಬಿಸು ಎನ್ನುತ್ತಾಳೆ. ಶವಪೆಟ್ಟಿಗೆ ತೆರೆದರೆ ತಲೆ ಹೋಗುವಂಥ ಶಿಕ್ಷೆ ಎಂದು ಗೊತ್ತಿದ್ದೂ ಅವನು ಅಗೆಯುತ್ತಾನೆ.

ಕನಸಿನಲ್ಲಿ ಕಂಡವನಿಗಾಗಿ ಸಾಯುವುದು ನಂಬುವ ಮಾತೇ?

ಈ ಪ್ರಶ್ನೆಯನ್ನು ನಾಟಕದೊಳಗೇ ಒಬ್ಬ ಕೇಳುತ್ತಾನೆ. ಅವನು ಪಾತಾಳದ ನ್ಯಾಯಾಧೀಶ. ಚೀನೀಯರ ಯಮ ನಮ್ಮ ಯಮನೇ. ಬೌದ್ಧಧರ್ಮದ ಜೊತೆ ಹೋಗಿ ಅಲ್ಲಿ ‘ಯೆನ್‌ಲೋ’ ಆಗಿದ್ದಾನೆ. ಆದರೆ ಅಲ್ಲಿನ ಯಮಲೋಕ ಒಂದು ಸರ್ಕಾರಿ ಕಚೇರಿ. ಹತ್ತು ಮಂದಿ ರಾಜರು, ಅವರ ಕೈಕೆಳಗೆ ಗುಮಾಸ್ತರು, ಕಡತಗಳು, ಮೊಹರುಗಳು. ಈ ನಾಟಕದಲ್ಲಿ ಯುದ್ಧದಿಂದ ಜನ ಕಡಿಮೆಯಾದ ಕಾರಣಕ್ಕೆ ಒಬ್ಬ ರಾಜನ ಹುದ್ದೆಯನ್ನೇ ರದ್ದು ಮಾಡಿರುತ್ತಾರೆ, ಅವನ ಕೆಲಸವನ್ನು ಹೂ ಎಂಬ ನ್ಯಾಯಾಧೀಶ ನೋಡಿಕೊಳ್ಳುತ್ತಿರುತ್ತಾನೆ. ಒಂದು ಕನಸು ಕಂಡು ಯಾರಾದರೂ ಸಾಯುತ್ತಾರೆಯೇ ಎಂದು ಅವನು ಗದರುತ್ತಾನೆ. ತೋಟದ ಹೂದೇವತೆ ಬಂದು ಸಾಕ್ಷಿ ಹೇಳಬೇಕಾಗುತ್ತದೆ. ಕೊನೆಗೆ ಕಡತ ತೆಗೆಸಿ ನೋಡಿದರೆ ಲ್ಯೂ ಮೆಂಗ್‌ಮೇ ಜೊತೆ ಅವಳ ಮದುವೆ ಎಂದು ಬರೆದಿರುತ್ತದೆ. ಚಿತ್ರಗುಪ್ತನ ಕಡತ ಒಬ್ಬ ಹುಡುಗಿಯ ಪರವಾಗಿ ಸಾಕ್ಷಿ ಹೇಳುವ ಆ ಗಳಿಗೆ ನನಗೆ ಬಹಳ ಇಷ್ಟ.

ಪ್ರೇಮ ಎಲ್ಲಿಂದ ಹುಟ್ಟುತ್ತದೆಂದು ತಿಳಿಯದು, ಹುಟ್ಟಿದ ಮೇಲೆ ಆಳಕ್ಕಿಳಿಯುತ್ತಲೇ ಹೋಗುತ್ತದೆ. ಅದರಿಂದ ಬದುಕಿದ್ದವರು ಸಾಯಬಹುದು, ಸತ್ತವರು ಬದುಕಬಹುದು ಎಂಬರ್ಥದ ಮಾತನ್ನು ತಾಂಗ್ ಮುನ್ನುಡಿಯಲ್ಲಿ ಬರೆದ. ಆ ಭಾವಕ್ಕೆ ಅವನು ಬಳಸುವ ಪದ ‘ಚಿಂಗ್’ (ರಾಜವಂಶದ ಹೆಸರಲ್ಲ, ಬೇರೆಯೇ ಪದ): ಅನುರಾಗ, ಮಮತೆ, ಮನಸ್ಸು ಮಿಡಿಯುವ ಗುಣ ಎಲ್ಲವೂ ಅದರಲ್ಲಿದೆ. ಲಿನ್ಯಾಂಗ್ ಸಾಯುವುದು ಆ ತರುಣನಿಗಾಗಿ ಎಂದು ನನಗೆ ಅನ್ನಿಸುವುದಿಲ್ಲ. ಅವನ ಹೆಸರು ಕೂಡ ಅವಳಿಗೆ ಗೊತ್ತಿಲ್ಲ. ಅವಳು ಒಮ್ಮೆ ಮಾತ್ರ, ಅದೂ ನಿದ್ದೆಯಲ್ಲಿ, ತನ್ನ ಬಾಳನ್ನು ತಾನೇ ಆರಿಸಿಕೊಂಡಿದ್ದಳು. ಎಚ್ಚರದ ಬದುಕಿನಲ್ಲಿ ಅದಕ್ಕೆ ಎಡೆಯೇ ಇರಲಿಲ್ಲ.

ಬದುಕಿ ಬಂದ ಮೇಲೆ ಲಿನ್ಯಾಂಗ್ ಏಕೆ ಅಷ್ಟು ಅಳುಕುತ್ತಾಳೆ? ದೆವ್ವವಾಗಿದ್ದಾಗಲೇ ಅವಳು ಚೆನ್ನಾಗಿದ್ದಳು ಅನ್ನಿಸಿತು.

ಸರಿಯಾಗಿ ಗಮನಿಸಿದ್ದೀರಿ. ದೆವ್ವವಾಗಿದ್ದಾಗ ಪ್ರತಿ ರಾತ್ರಿ ತಾನೇ ಅವನ ಕೋಣೆಯ ಬಾಗಿಲು ತಟ್ಟಿದವಳು, ಮೈಯಲ್ಲಿ ರಕ್ತ ಹರಿಯತೊಡಗಿದ ಕೂಡಲೇ ಮದುವೆಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ನಡುವೆ ಹಿರಿಯರು ಬೇಕು ಎನ್ನುತ್ತಾಳೆ. ದೆವ್ವಕ್ಕೆ ಭಾವವಷ್ಟೇ ಸಾಕು, ಮನುಷ್ಯರಾದ ಮೇಲೆ ರೀತಿ ನೀತಿ ಬೇಕು ಎಂಬುದು ಅವಳೇ ಹೇಳುವ ಮಾತು. ಈ ಇಡೀ ಸಾಹಿತ್ಯದ ಬೀಗದ ಕೈ ಅಲ್ಲಿದೆ. ಹೆಣ್ಣು ತನ್ನ ಮನಸ್ಸಿನಂತೆ ನಡೆಯುವುದನ್ನು ತೋರಿಸಬೇಕಾದರೆ ಲೇಖಕ ಅವಳನ್ನು ಮೊದಲು ಕೊಲ್ಲಬೇಕಾಗಿತ್ತು.

ಅಪ್ಪನಂತೂ ಕೊನೆಯವರೆಗೆ ಅವಳನ್ನು ಮಗಳೆಂದು ಒಪ್ಪುವುದಿಲ್ಲ. ಅಳಿಯನನ್ನು ಗೋರಿ ಕಳ್ಳನೆಂದು ಹೊಡೆಸುತ್ತಾನೆ. ವಿಷಯ ಚಕ್ರವರ್ತಿಯ ಆಸ್ಥಾನಕ್ಕೆ ಹೋಗಿ, ಅವಳಿಗೆ ನೆರಳು ಬೀಳುತ್ತದೆಯೇ, ಕನ್ನಡಿಯಲ್ಲಿ ರೂಪ ಕಾಣುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ತಾನು ಬದುಕಿದ್ದೇನೆ ಎಂಬುದನ್ನು ಒಬ್ಬ ಹೆಂಗಸು ತುಂಬಿದ ಸಭೆಯಲ್ಲಿ ರುಜುವಾತು ಮಾಡಬೇಕು. ನಾಟಕ ಸುಖಾಂತ್ಯ ಎನ್ನುತ್ತಾರೆ. ಈ ದೃಶ್ಯವನ್ನು ಓದುವಾಗ ನನಗೆ ಗಂಟಲು ಕಟ್ಟುತ್ತದೆ.

ಆ ಕಾಲದ ಹೆಂಗಸರು ಇದನ್ನೆಲ್ಲ ಓದುತ್ತಿದ್ದರೇ?

ಹಳ್ಳಿಯ ಹೆಂಗಸರಿಗೆ ಓದು ದೂರದ ಮಾತಾಗಿತ್ತು. ಆದರೆ ಯಾಂಗ್‌ಟ್ಸೆ ನದಿಯ ಕೆಳಭಾಗದ ಹಾಂಗ್‌ಜೋ, ಸೂಜೋ ಕಡೆಯ ಅನುಕೂಲಸ್ಥ ಮನೆಗಳಲ್ಲಿ ಹೆಣ್ಣುಮಕ್ಕಳು ಓದುತ್ತಿದ್ದರು, ಪದ್ಯ ಬರೆಯುತ್ತಿದ್ದರು, ಒಬ್ಬರಿಗೊಬ್ಬರು ಕಳುಹಿಸುತ್ತಿದ್ದರು. ವಿದ್ಯೆಯಿಲ್ಲದಿರುವುದೇ ಹೆಣ್ಣಿಗೆ ಗುಣ ಎಂಬ ಗಾದೆಯೂ ಇದೇ ಕಾಲದಲ್ಲಿ ಜೋರಾಗಿ ಓಡಾಡುತ್ತಿತ್ತು. ಓದುವವರು ಹೆಚ್ಚಿದ್ದರಿಂದಲೇ ಇಂಥ ಗಾದೆ ಬೇಕಾಯಿತು ಎಂದು ನನ್ನ ತಿಳಿವಳಿಕೆ.

‘ಪಿಯೋನಿ ಮಂಟಪ’ ಈ ಹುಡುಗಿಯರ ಕೈಗೆ ಸಿಕ್ಕ ಮೇಲೆ ನಡೆದದ್ದು ನಾಟಕಕ್ಕಿಂತ ವಿಚಿತ್ರ. ಲೋಜ್ಯಾಂಗ್ ಊರಿನ ಯೂ ಅರ್‌ನ್ಯಾಂಗ್ ಎಂಬಾಕೆ ಪುಸ್ತಕದ ಸಾಲುಸಾಲಿಗೂ ಸಣ್ಣ ಅಕ್ಷರದಲ್ಲಿ ಟಿಪ್ಪಣಿ ಬರೆದು ಹದಿನೇಳನೇ ವಯಸ್ಸಿನಲ್ಲಿ ತೀರಿಕೊಂಡಳು. ವಿಷಯ ತಿಳಿದ ತಾಂಗ್ ಅವಳಿಗಾಗಿ ಶೋಕಗೀತೆಗಳನ್ನು ಬರೆದ. ಇನ್ನೊಬ್ಬಳು ಶ್ಯಾವ್‌ಚಿಂಗ್. ಯಾಂಗ್‌ಜೋ ಕಡೆಯ ಹುಡುಗಿ, ಹಾಂಗ್‌ಜೋ ನಗರದ ಶ್ರೀಮಂತನಿಗೆ ಉಪಪತ್ನಿಯಾಗಿ ಬಂದವಳು. ಹಿರಿಯ ಹೆಂಡತಿ ಅವಳನ್ನು ಪಶ್ಚಿಮ ಸರೋವರದ ನಡುಗಡ್ಡೆಯ ಮನೆಯಲ್ಲಿ ಒಂಟಿಯಾಗಿ ಇರಿಸಿದಳು. ಕಿಟಕಿಯಾಚೆ ತಣ್ಣನೆಯ ಮಳೆಯ ಸದ್ದನ್ನು ಕೇಳಲಾರದೆ ದೀಪದ ಬತ್ತಿ ಎತ್ತಿ ಪಿಯೋನಿ ಮಂಟಪ ಓದುತ್ತಿದ್ದೇನೆ, ಲೋಕದಲ್ಲಿ ನನಗಿಂತಲೂ ಹುಚ್ಚು ಹಿಡಿದವರಿದ್ದಾರೆ, ನೊಂದವಳು ನಾನೊಬ್ಬಳೇ ಅಲ್ಲ ಎಂಬರ್ಥದ ಪದ್ಯ ಅವಳ ಹೆಸರಿನಲ್ಲಿ ಉಳಿದಿದೆ. ಸಾಯುವ ಮುನ್ನ ಲಿನ್ಯಾಂಗ್ ಹಾಗೆಯೇ ತನ್ನ ಚಿತ್ರ ಬರೆಸಿಕೊಂಡಳಂತೆ. ಸತ್ತಾಗ ಅವಳಿಗೆ ಹದಿನೆಂಟು. ಹಿರಿಯ ಹೆಂಡತಿ ಅವಳ ಕವಿತೆಗಳನ್ನು ಸುಟ್ಟಳು. ತಪ್ಪಿಸಿಕೊಂಡ ಕೆಲವೇ ಹಾಳೆಗಳಿಗೆ ಜನ ‘ಸುಟ್ಟು ಉಳಿದದ್ದು’ ಎಂದೇ ಹೆಸರಿಟ್ಟರು.

ಶ್ಯಾವ್‌ಚಿಂಗ್ ಎಂಬ ಹೆಣ್ಣೇ ಇರಲಿಲ್ಲ, ಅದು ಕಟ್ಟುಕಥೆ ಎಂದವರು ಹದಿನೇಳನೇ ಶತಮಾನದಲ್ಲೇ ಇದ್ದರು. ಇದ್ದರೂ ಇರದಿದ್ದರೂ ಅವಳ ಸಮಾಧಿಯನ್ನು ಹುಡುಕಿಕೊಂಡು ಸರೋವರದ ದಂಡೆಗೆ ಜನ ಬರುತ್ತಲೇ ಇದ್ದರು.

ಓದಿ ಓದಿಯೇ ಹುಡುಗಿಯರು ಸತ್ತರು ಎನ್ನುವುದನ್ನು ಒಪ್ಪಬೇಕೇ?

ಬೇಡ. ಕಾಯಿಲೆಗೆ ಮದ್ದಿಲ್ಲದ ಕಾಲದಲ್ಲಿ ಹದಿಹರೆಯದ ಸಾವು ಅಪರೂಪವಾಗಿರಲಿಲ್ಲ. ಹುಡುಗಿ ಪುಸ್ತಕ ಹಿಡಿದವಳಾಗಿದ್ದರೆ ಉಳಿದವರು ಪುಸ್ತಕದ ಮೇಲೆ ಹೊಣೆ ಹಾಕಿದರು. ಸೂಜೋ ಬಳಿಯ ಕವಿ ಮನೆತನವೊಂದರಲ್ಲಿ ಯೆ ಶ್ಯಾವ್‌ಲುವಾನ್ ಎಂಬ ಹುಡುಗಿ 1632ರಲ್ಲಿ, ಮದುವೆಗೆ ಐದು ದಿನ ಇರುವಾಗ ತೀರಿಕೊಂಡಳು. ಅಮ್ಮ ಶೆನ್ ಯೀಶ್ಯೂ ತಾನೂ ಕವಯಿತ್ರಿ. ಅವರ ಮನೆಯಲ್ಲಿ ಯಾರೂ ಏನನ್ನೂ ಸುಡಲಿಲ್ಲ. ಅಪ್ಪ 1636ರಲ್ಲಿ ಹೆಂಡತಿ ಮಕ್ಕಳ ಬರಹಗಳನ್ನೆಲ್ಲ ಸೇರಿಸಿ ಅಚ್ಚು ಹಾಕಿಸಿದ. ಶ್ಯಾವ್‌ಚಿಂಗ್ ಕಥೆಯ ಪಕ್ಕದಲ್ಲಿ ಇದನ್ನೂ ಇಟ್ಟು ನೋಡಬೇಕು.

‘ಕೆಂಪು ಮಹಡಿಯ ಕನಸು’ ಬಹಳ ದೊಡ್ಡದು. ಓದಲೇಬೇಕೇ? ಓದಿದರೆ ಏನನ್ನು ಗಮನಿಸಬೇಕು?

ಓದಲೇಬೇಕು. 120 ಅಧ್ಯಾಯಗಳು, ನೂರಾರು ಪಾತ್ರಗಳು. ಒಂದು ಮಳೆಗಾಲ ಪೂರ್ತಿ ಬೇಕಾಗಬಹುದು. ಬರೆದ ತ್ಸಾವ್ ಶ್ವೇಚಿನ್ ಒಂದು ಕಾಲದಲ್ಲಿ ನಾನ್‌ಜಿಂಗ್ ನಗರದಲ್ಲಿ ಅರಮನೆಯ ರೇಷ್ಮೆ ಕಾರ್ಖಾನೆಯ ಅಧಿಕಾರ ಹಿಡಿದಿದ್ದ ಮನೆತನದವನು. ಮನೆತನ ಬಿದ್ದುಹೋಯಿತು, ಆಸ್ತಿ ಮುಟ್ಟುಗೋಲಾಯಿತು. ಬೀಜಿಂಗ್ ಹೊರವಲಯದ ಬಡತನದಲ್ಲಿ ಕುಳಿತು, ತಾನು ಹಿಂದೆ ಕಂಡ ಹೆಣ್ಣುಗಳೆಲ್ಲ ತನಗಿಂತ ಮೇಲಿನವರು, ತನ್ನ ದೆಸೆಯಿಂದ ಅವರ ನೆನಪು ಅಳಿಯಬಾರದು ಎಂದು ಬರೆದ. 1760ರ ದಶಕದ ಮೊದಲಲ್ಲೇ ತೀರಿಕೊಂಡ. ಕೈಬರಹದ ಪ್ರತಿಗಳಲ್ಲಿ ಓಡಾಡುತ್ತಿದ್ದದ್ದು 80 ಅಧ್ಯಾಯ. 120 ಅಧ್ಯಾಯಗಳ ಅಚ್ಚಿನ ಪುಸ್ತಕ ಬಂದದ್ದು 1791ರಲ್ಲಿ. ಕೊನೆಯ 40 ಯಾರ ಕೈಬರಹ ಎಂಬ ಜಗಳ ಇಂದಿಗೂ ಮುಗಿದಿಲ್ಲ.

ಬಾವ್‌ಯೂ ಎಂಬ ಹುಡುಗ, ಅವನ ಅತ್ತೆಯ ಮಗಳು ದಾಯ್‌ಯೂ, ಚಿಕ್ಕಮ್ಮನ ಮಗಳು ಬಾವ್‌ಚಾಯ್. ಬಾವ್‌ಯೂ ಮತ್ತು ದಾಯ್‌ಯೂ ಒಬ್ಬರಿಗೊಬ್ಬರು ಮನಸ್ಸು ಕೊಟ್ಟಿದ್ದಾರೆ. ಹಿರಿಯರು ಮೋಸದಿಂದ ಬಾವ್‌ಚಾಯ್ ಜೊತೆ ಮದುವೆ ಮಾಡಿಸುತ್ತಾರೆ. ಆ ಕಡೆ ವಾಲಗ ಕೇಳುತ್ತಿರುವಾಗ ಈ ಕಡೆ ದಾಯ್‌ಯೂ ಪ್ರಾಣ ಬಿಡುತ್ತಾಳೆ. ಅದಕ್ಕೆ ಮುಂಚೆ ತನ್ನ ಕವಿತೆಗಳನ್ನೆಲ್ಲ ತಾನೇ ಬೆಂಕಿಗೆ ಹಾಕುತ್ತಾಳೆ.

ಗಮನಿಸಬೇಕಾದದ್ದು ಎರಡು ಕಡೆ. 23ನೇ ಅಧ್ಯಾಯದಲ್ಲಿ ದಾಯ್‌ಯೂ ಒಬ್ಬಳೇ ನಡೆದು ಬರುತ್ತಿರುವಾಗ ಗೋಡೆಯಾಚೆ ನಾಟಕದ ಹುಡುಗಿಯರು ಅಭ್ಯಾಸ ಮಾಡುತ್ತಿರುವ ಹಾಡು ತೇಲಿಬರುತ್ತದೆ. ಅದು ‘ಪಿಯೋನಿ ಮಂಟಪ’. ಹೂವಿನಂಥ ಚೆಲುವು, ನೀರಿನಂತೆ ಹರಿದುಹೋಗುವ ವರ್ಷಗಳು ಎಂಬ ಸಾಲು ಕಿವಿಗೆ ಬಿದ್ದು, ಕಾಲಲ್ಲಿ ಶಕ್ತಿಯಿಲ್ಲದಂತಾಗಿ ಬಂಡೆಯ ಮೇಲೆ ಕುಳಿತು ಅಳುತ್ತಾಳೆ. 42ನೇ ಅಧ್ಯಾಯದಲ್ಲಿ ಇದೇ ನಾಟಕದ ಸಾಲು ಅವಳ ಬಾಯಿಂದ ನಾಲ್ವರ ನಡುವೆ ಜಾರಿಬಿದ್ದದ್ದಕ್ಕೆ ಬಾವ್‌ಚಾಯ್ ಅವಳನ್ನು ಒಳಗೆ ಕರೆದು ಬುದ್ಧಿ ಹೇಳುತ್ತಾಳೆ. ಹೇಳುತ್ತಾ ಹೇಳುತ್ತಾ, ಚಿಕ್ಕಂದಿನಲ್ಲಿ ನಾವೂ ಕದ್ದು ಓದುತ್ತಿದ್ದೆವು, ದೊಡ್ಡವರಿಗೆ ಗೊತ್ತಾಗಿ ಹೊಡೆದರು, ಬೈದರು, ಪುಸ್ತಕ ಸುಟ್ಟರು, ಅಲ್ಲಿಗೆ ಬಿಟ್ಟೆವು ಎಂದುಬಿಡುತ್ತಾಳೆ. ಬಾವ್‌ಚಾಯ್ ತಣ್ಣನೆಯ ಹುಡುಗಿ ಎಂದು ಅನೇಕರು ದೂರುತ್ತಾರೆ. ಆ ಒಂದು ಮಾತಿನ ನಂತರ ನಾನು ಅವಳನ್ನು ದೂರುವುದನ್ನು ಬಿಟ್ಟೆ. ಅವಳೊಳಗೂ ಸುಟ್ಟ ಪುಸ್ತಕವೊಂದಿದೆ.

ಆ ಕಾದಂಬರಿಯಲ್ಲಿ ಸೇವಕಿಯರ ಸಾವುಗಳೇ ನನಗೆ ಹೆಚ್ಚು ಕಾಡಿದವು. ನಾನು ತಪ್ಪು ಓದುತ್ತಿದ್ದೇನೆಯೇ?

ಇಲ್ಲ. ಜಿನ್‌ಚುವಾನ್ ಎಂಬ ಸೇವಕಿ ಯಜಮಾನಿ ತೂಕಡಿಸುತ್ತಿರುವಾಗ ಬಾವ್‌ಯೂ ಜೊತೆ ಎರಡು ಚೇಷ್ಟೆಯ ಮಾತಾಡುತ್ತಾಳೆ. ಚೇಷ್ಟೆ ಶುರು ಮಾಡಿದವನು ಅವನು. ಕೆನ್ನೆಗೆ ಏಟು, ಕೆಲಸದಿಂದ ವಜಾ, ಕೆಲವೇ ದಿನಗಳಲ್ಲಿ ಬಾವಿಯಲ್ಲಿ ಹೆಣ. ಚಿಂಗ್‌ವೆನ್ ಯಾವ ತಪ್ಪೂ ಮಾಡಿರುವುದಿಲ್ಲ. ಚೆಲುವೆ, ಬಾಯಿ ಚುರುಕು, ಅಷ್ಟೇ. ಕಾಯಿಲೆ ಮಲಗಿದವಳನ್ನು ಹಾಸಿಗೆಯಿಂದ ಎಬ್ಬಿಸಿ ಹೊರಗೆ ಕಳುಹಿಸುತ್ತಾರೆ. ಕದ್ದು ನೋಡಲು ಬಂದ ಬಾವ್‌ಯೂಗೆ ತನ್ನ ಉದ್ದನೆಯ ಉಗುರುಗಳನ್ನು ಕತ್ತರಿಸಿ ಕೊಟ್ಟು, ತನ್ನ ಒಳ ಅಂಗಿಯನ್ನು ಅವನದರೊಂದಿಗೆ ಬದಲಾಯಿಸಿಕೊಳ್ಳುತ್ತಾಳೆ. ಹೇಗೂ ಕೆಟ್ಟ ಹೆಸರು ಬಂದಿದೆ, ಬರುವುದು ಮೊದಲೇ ಗೊತ್ತಿದ್ದರೆ ಬೇರೆ ಥರ ಇರುತ್ತಿದ್ದೆ ಎಂದು ನೊಂದು ಹೇಳುತ್ತಾಳೆ. ಉಪಪತ್ನಿಯಾಗಿ ಗುಟ್ಟಾಗಿ ಬಂದ ಯೋ ಅರ್‌ಜ್ಯೆಯನ್ನು ಹಿರಿಯ ಹೆಂಡತಿ ಶೀಫೆಂಗ್ ‘ತಂಗಿ’ ಎಂದು ಕರೆಯುತ್ತಲೇ ಮನೆತುಂಬಿಸಿಕೊಂಡು ದಿನದಿನವೂ ಹಿಂಡುತ್ತಾಳೆ. ವೈದ್ಯನ ತಪ್ಪು ಮದ್ದಿಗೆ ಗರ್ಭ ಹೋದ ಮೇಲೆ ಅವಳು ಚಿನ್ನ ನುಂಗಿ ಸಾಯುತ್ತಾಳೆ.

ಶೀಫೆಂಗ್ ಕ್ರೂರಿ, ನಿಜ. ಆದರೆ ಕಾನೂನಿನಂತೆ ಗಂಡಸಿಗೆ ಒಬ್ಬಳೇ ಹೆಂಡತಿ, ಉಪಪತ್ನಿಯರಿಗೆ ಮಿತಿಯಿಲ್ಲ. ಗಂಡುಮಗುವಿಲ್ಲದ ಹಿರಿಯ ಹೆಂಡತಿಯ ಭಯ ಎಂಥದ್ದು ಎಂಬುದನ್ನೂ ತ್ಸಾವ್ ಅದೇ ಪುಟಗಳಲ್ಲಿ ಬರೆದಿದ್ದಾನೆ. ಹೆಣ್ಣಿಗೆ ಹೆಣ್ಣೇ ಶತ್ರು ಎಂಬ ಸವೆದ ಮಾತಿಗೆ ಈ ಕಾದಂಬರಿಯನ್ನು ದಯವಿಟ್ಟು ಸಾಕ್ಷಿ ಕರೆಯಬೇಡಿ. ಗಂಡ ಜ್ಯಾ ಲ್ಯೆನ್ ಆ ಅಧ್ಯಾಯಗಳಲ್ಲಿ ಏನು ಮಾಡುತ್ತಿದ್ದ ಎಂದು ಒಮ್ಮೆ ತಿರುಗಿ ಓದಿ.

ಚೀನೀ ಕಥೆಗಳಲ್ಲಿ ದೆವ್ವಗಳೆಲ್ಲ ಹೆಚ್ಚಾಗಿ ತರುಣಿಯರೇ ಏಕೆ?

ಮದುವೆಯಾಗದೆ ಸತ್ತ ಹೆಣ್ಣಿಗೆ ಸತ್ತ ಮೇಲೂ ಮನೆಯಿರಲಿಲ್ಲ. ಅಲ್ಲಿ ಸತ್ತವರ ಹೆಸರನ್ನು ಮರದ ಫಲಕದ ಮೇಲೆ ಬರೆದು ಪೂರ್ವಜರ ಪೀಠದಲ್ಲಿ ಇಟ್ಟು ಪೂಜಿಸುತ್ತಾರೆ. ಹೆಣ್ಣಿನ ಫಲಕ ಗಂಡನ ಮನೆಯ ಪೀಠಕ್ಕೆ ಸೇರಿದ್ದು. ತವರಿನ ಪೀಠದಲ್ಲಿ ಅವಳಿಗೆ ಜಾಗವಿಲ್ಲ. ಮಕ್ಕಳಿಲ್ಲದ್ದರಿಂದ ಎಡೆ ಇಡುವವರೂ ಇಲ್ಲ. ಹೀಗೆ ಹಸಿದ, ಗೊತ್ತುಗುರಿಯಿಲ್ಲದ ಆತ್ಮವಾಗುತ್ತಾಳೆ. ಸತ್ತ ಹುಡುಗಿಗೆ ಸತ್ತ ಹುಡುಗನನ್ನು ತಂದು ಮದುವೆ ಮಾಡುವ ಪದ್ಧತಿ ಕೆಲವೆಡೆ ಇದ್ದದ್ದು ಇದೇ ಕಾರಣಕ್ಕೆ. ಕಥೆಗಾರರಿಗೆ ಈ ನೋವು ಚೆನ್ನಾಗಿ ಗೊತ್ತಿತ್ತು.

ಇದನ್ನು ಮನಮುಟ್ಟುವಂತೆ ಬರೆದವನು ಪೂ ಸೋಂಗ್‌ಲಿಂಗ್ (1640–1715). ಶಾನ್‌ದೋಂಗ್ ಪ್ರಾಂತ್ಯದವನು. ಸರ್ಕಾರಿ ಹುದ್ದೆಗೆ ಆರಿಸುವ ಪ್ರಾಂತೀಯ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಸೋತು, ಸಿರಿವಂತರ ಮನೆಯ ಮಕ್ಕಳಿಗೆ ಪಾಠ ಹೇಳುತ್ತಲೇ ದೆವ್ವ ಮತ್ತು ನರಿಕನ್ಯೆಯರ ಸುಮಾರು 500 ಕಥೆ ಬರೆದ. ಅವು ಅಚ್ಚಾದದ್ದು 1766ರಲ್ಲಿ, ಅವನು ಸತ್ತು ಐವತ್ತು ವರ್ಷ ಕಳೆದ ಮೇಲೆ. ಅವನ ‘ಲ್ಯೆನ್‌ಸುವೋ’ ಕಥೆಯಲ್ಲಿ ಗೋರಿಗಳ ಪಕ್ಕದ ಮನೆಯಲ್ಲಿರುವ ವಿದ್ಯಾರ್ಥಿಗೆ ರಾತ್ರಿ ಗೋಡೆಯಾಚೆಯಿಂದ ಹೆಣ್ಣು ದನಿಯೊಂದು ಎರಡು ಸಾಲಿನ ಪದ್ಯವನ್ನು ಮತ್ತೆ ಮತ್ತೆ ಹೇಳಿಕೊಳ್ಳುವುದು ಕೇಳಿಸುತ್ತದೆ: ಕತ್ತಲ ರಾತ್ರಿಯ ಎದುರುಗಾಳಿ, ಹುಲ್ಲಿಗೆ ತಾಗಿ ಸೆರಗಿಗೆ ಅಂಟುವ ಮಿಂಚುಹುಳ. ಪದ್ಯಕ್ಕೆ ನಾಲ್ಕು ಸಾಲು ಬೇಕು, ಅವಳಿಗೆ ಎರಡೇ ಹೊಳೆದಿವೆ. ಉಳಿದ ಎರಡನ್ನು ಇವನು ಹೇಳುತ್ತಾನೆ. ಆಗ ಅವಳು ಕಾಣಿಸಿಕೊಳ್ಳುತ್ತಾಳೆ. ಹದಿನೇಳಕ್ಕೆ ಸತ್ತು ಇಪ್ಪತ್ತು ವರ್ಷ ದಾಟಿದವಳು. ಇಬ್ಬರೂ ಪುಸ್ತಕ ಓದುತ್ತಾರೆ, ಕವಿತೆ ನಕಲು ಮಾಡುತ್ತಾರೆ, ಪಗಡೆಯಂತೆ ಮಣೆಯ ಆಟ ಆಡುತ್ತಾರೆ. ಕೊನೆಗೆ ಅವನ ಮೈಯ ಒಂದು ಹನಿ ರಕ್ತದಿಂದ ಅವಳು ಬದುಕುತ್ತಾಳೆ. ಇಪ್ಪತ್ತು ವರ್ಷ ಒಂದು ಕನಸಿನಂತಿತ್ತು ಎನ್ನುತ್ತಾಳೆ. ಇಪ್ಪತ್ತು ವರ್ಷ ಎರಡೇ ಸಾಲನ್ನು ಹೇಳಿಕೊಳ್ಳುತ್ತಾ ಕಾದ ಆ ದನಿ ನನ್ನ ಕಿವಿಯಲ್ಲಿ ಬಹಳ ದಿನ ಉಳಿದಿತ್ತು.

ನಮ್ಮ ಸತಿ ಪದ್ಧತಿಯಂಥದ್ದು ಅಲ್ಲೂ ಇತ್ತೇ?

ಚಿತೆಯೇರುವುದು ಇರಲಿಲ್ಲ. ಆದರೆ ಮಾಸ್ತಿಕಲ್ಲುಗಳನ್ನು ನೋಡಿ ಬೆಳೆದ ನಮಗೆ ಅಲ್ಲಿನ ಕಲ್ಲಿನ ಕಮಾನುಗಳನ್ನು ಗುರುತಿಸುವುದು ಕಷ್ಟವಲ್ಲ. ಮೂವತ್ತು ತುಂಬುವ ಮೊದಲು ಗಂಡ ಸತ್ತು, ಐವತ್ತರವರೆಗೆ ಮರುಮದುವೆಯಾಗದೆ ಉಳಿದವಳ ಮನೆಬಾಗಿಲಿಗೆ ಗೌರವದ ಗುರುತು, ಕುಟುಂಬಕ್ಕೆ ಬಿಟ್ಟಿ ದುಡಿಮೆಯಿಂದ ವಿನಾಯಿತಿ ಎಂದು ಮಿಂಗ್ ಸರ್ಕಾರ 1368ರಲ್ಲೇ ಆಜ್ಞೆ ಹೊರಡಿಸಿತು. ಒಬ್ಬ ವಿಧವೆಯ ಒಂಟಿತನದಿಂದ ಇಡೀ ಮನೆಗೆ ಲಾಭ. ಗಂಡನ ಹಿಂದೆಯೇ ಪ್ರಾಣ ಬಿಟ್ಟವರಿಗೂ ಗುಡಿ, ಕಮಾನು ಕಟ್ಟಿದರು. ಆನ್‌ಹುಯ್ ಪ್ರಾಂತ್ಯದ ತಾಂಗ್‌ಯುವೆ ಹಳ್ಳಿಯಲ್ಲಿ ಸಾಲಾಗಿ ನಿಂತ ಏಳು ಕಮಾನುಗಳಲ್ಲಿ ಎರಡು ಮರುಮದುವೆಯಾಗದೆ ಉಳಿದ ವಿಧವೆಯರವು.

ಹದಿನೆಂಟನೇ ಶತಮಾನದ ವೂ ಜಿಂಗ್‌ಜಿ ತನ್ನ ‘ವಿದ್ವಾಂಸರು’ ಕಾದಂಬರಿಯ 48ನೇ ಅಧ್ಯಾಯದಲ್ಲಿ ಇದನ್ನು ಎದುರಿಗೆ ಎಳೆದು ನಿಲ್ಲಿಸುತ್ತಾನೆ. ವಾಂಗ್ ಯೂಹುಯ್ ಎಂಬ ಬಡ ಪಂಡಿತನ ಮೂರನೇ ಮಗಳ ಗಂಡ ಸಾಯುತ್ತಾನೆ. ಅವಳು ತಾನೂ ಸಾಯುತ್ತೇನೆ ಎನ್ನುತ್ತಾಳೆ. ಅತ್ತೆ ಮಾವ ಗಾಬರಿಯಿಂದ ಬೇಡವೆನ್ನುತ್ತಾರೆ. ಅಪ್ಪ ಮಾತ್ರ, ಮಗಳೇ, ಇದು ಚರಿತ್ರೆಯಲ್ಲಿ ಹೆಸರು ಉಳಿಯುವ ಕೆಲಸ ಎಂದು ಒಪ್ಪಿಗೆ ಕೊಡುತ್ತಾನೆ. ಎಂಟು ದಿನ ಅನ್ನ ಬಿಟ್ಟು ಅವಳು ಸಾಯುತ್ತಾಳೆ. ಎದೆ ಬಡಿದುಕೊಳ್ಳುವ ಹೆಂಡತಿಯ ಮುಂದೆ ಅವನು ‘ಒಳ್ಳೆಯ ಸಾವು, ಒಳ್ಳೆಯ ಸಾವು’ ಎಂದು ನಗುತ್ತಾ ಹೊರಗೆ ಹೋಗುತ್ತಾನೆ. ಮಗಳ ಫಲಕವನ್ನು ಗುಡಿಗೆ ಸೇರಿಸುವ ಮೆರವಣಿಗೆಯ ದಿನ ಊರಿನ ಗಣ್ಯರೆಲ್ಲ ಬರುತ್ತಾರೆ, ಅವನಿಗೆ ಹೋಗಲಾಗುವುದಿಲ್ಲ. ಮನೆಯಲ್ಲಿ ಇರಲಾರದೆ ಪ್ರಯಾಣ ಹೊರಡುತ್ತಾನೆ. ಸೂಜೋ ನಗರದಲ್ಲಿ ದೋಣಿಯೊಂದರಲ್ಲಿ ಬಿಳಿ ಸೀರೆಯಂಥ ಉಡುಪಿನ ತರುಣಿಯನ್ನು ಕಂಡದ್ದೇ, ಮಗಳ ನೆನಪಾಗಿ ಬಿಸಿ ಕಣ್ಣೀರು ಉಕ್ಕುತ್ತದೆ. ಲೇಖಕ ಇಲ್ಲಿ ಒಂದು ಮಾತನ್ನೂ ತನ್ನ ಕಡೆಯಿಂದ ಸೇರಿಸುವುದಿಲ್ಲ.

ವೇಶ್ಯೆಯರ ಕಥೆಗಳಲ್ಲಿ ಯಾವುದು ಮುಖ್ಯ?

ಫೆಂಗ್ ಮೆಂಗ್‌ಲೋಂಗ್ 1620ರ ದಶಕದಲ್ಲಿ ತಲಾ 40ರಂತೆ ಮೂರು ಸಂಪುಟಗಳಲ್ಲಿ 120 ಕಥೆ ಪ್ರಕಟಿಸಿದ. ಅದರಲ್ಲಿ ದು ಶಿನ್ಯಾಂಗ್ ಕಥೆ. ಬೀಜಿಂಗ್ ನಗರದ ಈ ಹೆಸರಾಂತ ವೇಶ್ಯೆ ಲೀ ಜ್ಯಾ ಎಂಬ ವಿದ್ಯಾರ್ಥಿಯನ್ನು ನಂಬಿ, 300 ಲ್ಯಾಂಗ್ ಬೆಳ್ಳಿ ಕೊಟ್ಟು ಬಿಡುಗಡೆ ಪಡೆಯುತ್ತಾಳೆ. ಒಂದು ಲ್ಯಾಂಗ್ ಎಂದರೆ ಸುಮಾರು 37 ಗ್ರಾಂ. ಅರ್ಧ ಹಣ ಅವಳು ಹಾಸಿಗೆಯ ಹತ್ತಿಯೊಳಗೆ ಬಚ್ಚಿಟ್ಟಿದ್ದದ್ದು, ಇನ್ನರ್ಧ ಲೀಯ ಗೆಳೆಯ ಸಾಲವೆತ್ತಿ ತಂದದ್ದು. ಊರಿಗೆ ಹೋಗುವ ದಾರಿಯಲ್ಲಿ ಅಪ್ಪನ ಕೋಪದ ಭಯಕ್ಕೆ ಲೀ ಅವಳನ್ನು ಒಬ್ಬ ವ್ಯಾಪಾರಿಗೆ 1,000 ಲ್ಯಾಂಗ್ ಬೆಳ್ಳಿಗೆ ಮಾರಲು ಒಪ್ಪಿಬಿಡುತ್ತಾನೆ. ಅವಳು ಅಳುವುದಿಲ್ಲ. ಬೆಳಗಿನ ಜಾವ ಎದ್ದು ಸಿಂಗರಿಸಿಕೊಳ್ಳುತ್ತಾಳೆ, ಹಣ ಎಣಿಸಿಕೊಳ್ಳಲು ಹೇಳುತ್ತಾಳೆ. ಆಮೇಲೆ ತನ್ನ ಪೆಟ್ಟಿಗೆಯ ಒಂದೊಂದೇ ಖಾನೆ ತೆರೆದು ಮುತ್ತು ರತ್ನಗಳನ್ನು ನದಿಗೆ ಸುರಿಯುತ್ತಾಳೆ. ಲೀಗೆ ಗೊತ್ತೇ ಇರದ, ಹತ್ತು ಸಾವಿರ ಬೆಲೆಯ ಒಡವೆ. ದಂಡೆಯಲ್ಲಿ ನೆರೆದವರೆಲ್ಲ ಕೇಳುವಂತೆ ಇಬ್ಬರು ಗಂಡಸರಿಗೂ ಛೀಮಾರಿ ಹಾಕಿ, ಪೆಟ್ಟಿಗೆಯನ್ನು ತಬ್ಬಿ ಯಾಂಗ್‌ಟ್ಸೆಗೆ ಹಾರುತ್ತಾಳೆ.

ಸಾವಿಗೆ ಮುಂಚೆ ಮಾತಾಡುವ ಹೆಣ್ಣು ಎಂದು ನಾನು ಅವಳನ್ನು ಬೇರೆಯಾಗಿ ಎಣಿಸುತ್ತೇನೆ. ಸಾಲ ತಂದುಕೊಟ್ಟ ಗೆಳೆಯನಿಗೆ ಮುಂದೆ ಅದೇ ನದಿಯಲ್ಲಿ ಒಡವೆ ತುಂಬಿದ ಸಣ್ಣ ಪೆಟ್ಟಿಗೆ ಸಿಗುತ್ತದೆ. ರಾತ್ರಿ ಅವಳು ಕನಸಿನಲ್ಲಿ ಬಂದು ಋಣ ತೀರಿಸಿದೆ ಎನ್ನುತ್ತಾಳೆ.

ಪಾದ ಕಟ್ಟುವ ಪದ್ಧತಿಯ ಬಗ್ಗೆ ಕಥೆಗಳು ಏನು ಹೇಳುತ್ತವೆ?

ಹೆಣ್ಣುಮಕ್ಕಳ ಪಾದ ಬೆಳೆಯದಂತೆ ಚಿಕ್ಕಂದಿನಿಂದಲೇ ಬಟ್ಟೆಯಲ್ಲಿ ಬಿಗಿಯುವ ಪದ್ಧತಿ ಅದು. ಹೆಚ್ಚಿನವು ಅದನ್ನು ಚೆಲುವೆಂದೇ ವರ್ಣಿಸಿ ಮುಂದೆ ಹೋಗುತ್ತವೆ. ಲೀ ರೂಜೆನ್ ಎಂಬಾತ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬರೆದ ‘ಕನ್ನಡಿಯೊಳಗಿನ ಹೂಗಳು’ ಬೇರೆ. ಅದರಲ್ಲಿ ಹೆಣ್ಣುಗಳು ಆಳುವ ದೇಶಕ್ಕೆ ಹೋದ ವ್ಯಾಪಾರಿಯೊಬ್ಬನನ್ನು ಹಿಡಿದು ಕಿವಿ ಚುಚ್ಚಿ, ಪಾದಗಳನ್ನು ಮಡಚಿ ಬಟ್ಟೆ ಬಿಗಿದು ಹೊಲಿಯುತ್ತಾರೆ. ಅವನ ಚೀರಾಟ ಪುಟಗಟ್ಟಲೆ ಇದೆ. ಗಂಡಸಿನ ಪಾದವಾದ್ದರಿಂದ ಓದುಗನಿಗೆ ಮೊದಲ ಬಾರಿ ನೋವು ತಟ್ಟುತ್ತದೆ.

ಇವೆಲ್ಲ ಗಂಡಸರು ಬರೆದವೇ ಅಲ್ಲವೇ? ಹೆಂಗಸರು ಬರೆದದ್ದೇನೂ ಇಲ್ಲವೇ?

ಇದೆ. ಚೆನ್ ದುವಾನ್‌ಶೆಂಗ್ (1751–1796) ಹದಿಹರೆಯದಲ್ಲಿ ಅಮ್ಮನಿಗೆ ಓದಿ ಹೇಳಲೆಂದು ಪದ್ಯದಲ್ಲಿ ಒಂದು ದೀರ್ಘ ಕಥನ ಶುರು ಮಾಡಿದಳು. ನಾಯಕಿ ಮೆಂಗ್ ಲಿಜುನ್ ಗಂಡುವೇಷ ಹಾಕಿ ಮನೆಬಿಟ್ಟು, ಪರೀಕ್ಷೆಯಲ್ಲಿ ಮೊದಲಿಗಳಾಗಿ, ಪ್ರಧಾನಮಂತ್ರಿಯಾಗುತ್ತಾಳೆ. ಮದುವೆ ನಿಶ್ಚಯವಾಗಿದ್ದ ಹುಡುಗ ಅವಳ ಕೈಕೆಳಗೆ ಬರುತ್ತಾನೆ. ಅವಳು ಗುರುತು ಹೇಳುವುದೇ ಇಲ್ಲ. ಅಮ್ಮ ತೀರಿಕೊಂಡಳು, ಬರವಣಿಗೆ ನಿಂತಿತು. ಮದುವೆಯಾಯಿತು, ಗಂಡ ಗಡೀಪಾರಾದ. ವರ್ಷಗಳ ನಂತರ ಇನ್ನೊಂದೇ ಸಂಪುಟ ಬರೆದು, ನಾಯಕಿಯ ಗುಟ್ಟು ರಟ್ಟಾದ ಹಂತದಲ್ಲಿ ಲೇಖನಿ ಕೆಳಗಿಟ್ಟಳು. ಲ್ಯಾಂಗ್ ದಶೆಂಗ್ ಎಂಬ ಇನ್ನೊಬ್ಬ ಮಹಿಳೆ ಮದುವೆ ಮಾಡಿಸಿ ಕಥೆ ಮುಗಿಸಿದಳು. ನನಗೆ ಮುಗಿಯದ ಕಥೆಯೇ ಇಷ್ಟ. ಅಲ್ಲಿ ಮೆಂಗ್ ಲಿಜುನ್ ಇನ್ನೂ ಮಂತ್ರಿಯ ಉಡುಪಿನಲ್ಲೇ ಇದ್ದಾಳೆ.

ಮಾಂಚು ಕುಲದ ಕವಯಿತ್ರಿ ಗೂ ತಾಯ್‌ಚಿಂಗ್ ‘ಕೆಂಪು ಮಹಡಿಯ ಕನಸು’ವಿಗೆ ಮುಂದುವರಿದ ಭಾಗ ಬರೆದಳು. 1877ರಲ್ಲಿ ಗುಪ್ತನಾಮದಲ್ಲಿ ಬಂತು.

ಹೆಸರುಗಳು ನೆನಪಿನಲ್ಲಿ ನಿಲ್ಲುವುದೇ ಇಲ್ಲ. ಏನು ಮಾಡಲಿ?

ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ನಮ್ಮಲ್ಲಿ ಊರಿನ ಹೆಸರು ಮುಂದೆ ಬರುವಂತೆ. ಇಂಗ್ಲಿಷ್ ಅನುವಾದಗಳಲ್ಲಿ ‘ಕ್ಯೂ’ ಅಕ್ಷರ ಕಂಡರೆ ‘ಚ’ ಎಂದೂ ‘ಎಕ್ಸ್’ ಕಂಡರೆ ‘ಶ’ ಎಂದೂ ಓದಿಕೊಳ್ಳಿ, ಅರ್ಧ ಕಷ್ಟ ಹೋಗುತ್ತದೆ. ‘ಪಿಯೋನಿ ಮಂಟಪ’ವನ್ನು ಸಿರಿಲ್ ಬರ್ಚ್ ಪೂರ್ತಿಯಾಗಿ ಇಂಗ್ಲಿಷಿಗೆ ತಂದಿದ್ದಾರೆ. ‘ಕೆಂಪು ಮಹಡಿ’ಗೆ ಡೇವಿಡ್ ಹಾಕ್ಸ್ ಮತ್ತು ಜಾನ್ ಮಿನ್‌ಫರ್ಡ್ ಅವರ ಐದು ಸಂಪುಟಗಳಿವೆ.

ಮೂವರು ಹೆಂಡತಿಯರು ಸೇರಿ ಒಂದು ಪುಸ್ತಕ ಬರೆದರಂತೆ, ನಿಜವೇ?

ನಿಜ. ಆದರೆ ಆ ಮೂವರು ಒಬ್ಬರನ್ನೊಬ್ಬರು ನೋಡಿರಲೇ ಇಲ್ಲ.

ಹಾಂಗ್‌ಜೋ ನಗರದ ಕವಿ ವೂ ರೆನ್ ಜೊತೆ ಚೆನ್ ತೋಂಗ್ ಎಂಬ ಹುಡುಗಿಯ ಮದುವೆ ನಿಶ್ಚಯವಾಗಿತ್ತು. ಅವಳಿಗೆ ‘ಪಿಯೋನಿ ಮಂಟಪ’ದ ಹುಚ್ಚು. ಬೇರೆ ಬೇರೆ ಪ್ರತಿಗಳನ್ನು ಹೋಲಿಸಿ ತಪ್ಪು ತಿದ್ದುತ್ತಾ ಅಂಚಿನಲ್ಲಿ ಟಿಪ್ಪಣಿ ಬರೆಯುತ್ತಿದ್ದಳು. ಕಾಯಿಲೆ ಬಿದ್ದಳು. ರಾತ್ರಿಯೆಲ್ಲ ಓದುವುದೇ ಕಾಯಿಲೆಗೆ ಕಾರಣವೆಂದು ಅಮ್ಮ ಅವಳ ಪುಸ್ತಕಗಳನ್ನು ಸುಟ್ಟಳು. ದಿಂಬಿನ ಅಡಿಯಲ್ಲಿದ್ದ ಮೊದಲ ಸಂಪುಟವೊಂದನ್ನು ದಾದಿ ಎತ್ತಿಟ್ಟಳು, ಕಸೂತಿಯ ನಮೂನೆ ಹಾಳೆಗಳನ್ನು ಒತ್ತಿಡಲು ಬರುತ್ತದೆ ಎಂದು. 1665ರಲ್ಲಿ, ಮದುವೆಗೆ ಮುಂಚೆಯೇ, ಚೆನ್ ತೋಂಗ್ ತೀರಿಕೊಂಡಳು. ದಾದಿ ಆ ಸಂಪುಟವನ್ನು ವೂ ರೆನ್‌ಗೆ ಮಾರಿದಳು.

ಅವನು ತಾನ್ ಝೆಯನ್ನು ಮದುವೆಯಾದ. ಅವಳು ಆ ಟಿಪ್ಪಣಿಗಳನ್ನು ಬಾಯಿಪಾಠವಾಗುವಷ್ಟು ಓದಿ, ಸತ್ತವಳ ಧಾಟಿಯಲ್ಲೇ ಎರಡನೇ ಸಂಪುಟಕ್ಕೆ ಟಿಪ್ಪಣಿ ಬರೆದಳು. ಹೆಣ್ಣಿನ ಹೆಸರು ಹೊರಗೆ ಹೋಗಬಾರದೆಂದು, ಎಲ್ಲವೂ ಗಂಡನ ಬರಹ ಎಂದಳು. ಮದುವೆಯಾಗಿ ಮೂರೇ ವರ್ಷಕ್ಕೆ ಅವಳೂ ಸತ್ತಳು. ಬಹಳ ವರ್ಷಗಳ ನಂತರ ಬಂದ ಮೂರನೆಯವಳು ಚ್ಯೆನ್ ಯೀ. ಅಕ್ಕಂದಿರಿಬ್ಬರ ಕೆಲಸಕ್ಕೆ ಗಂಡ ಹೊಗಳಿಸಿಕೊಳ್ಳುವುದು ಅವಳಿಗೆ ಸರಿಕಾಣಲಿಲ್ಲ. ತನ್ನ ಒಡವೆ ಮಾರಿ ಮರದ ಅಚ್ಚು ಕೆತ್ತಿಸಿ, ಮೂವರ ಹೆಸರಿನಲ್ಲೂ ಪುಸ್ತಕ ತರೋಣ ಎಂದಳು. 1694ರ ಚಳಿಗಾಲದ ಕೊನೆಗೆ ಕೆತ್ತನೆ ಮುಗಿಯಿತು.

ಹೊಸ ವರ್ಷದ ಮೊದಲ ಹುಣ್ಣಿಮೆಯ ರಾತ್ರಿ ಅವಳು ಅಂಗಳದಲ್ಲಿ ಒಂದು ಮೇಜು ಇಟ್ಟು, ಪುಸ್ತಕವನ್ನು ಅದರ ಮೇಲಿರಿಸಿ, ದು ಲಿನ್ಯಾಂಗ್ ಹೆಸರಿನ ಫಲಕವನ್ನು ನಿಲ್ಲಿಸಿ, ಕೆಂಪು ಪ್ಲಮ್ ಕೊಂಬೆಯನ್ನು ಹೂದಾನಿಗೆ ಹಾಕಿ, ದೀಪ ಹಚ್ಚಿ, ಹಣ್ಣು ಮದ್ಯಗಳ ಎಡೆ ಇಟ್ಟಳು. ಇಲ್ಲದವಳಿಗೆ ಎಡೆಯೇ ಎಂದು ಗಂಡ ನಕ್ಕ. ಒಂದು ಕಲ್ಲಿನಲ್ಲಿ, ಒಂದು ಮರದಲ್ಲಿ ದೇವತೆ ನೆಲೆಸಬಹುದಾದರೆ, ಲಿನ್ಯಾಂಗ್ ಇದ್ದಳೋ ಇಲ್ಲವೋ ಎಂದು ತೀರ್ಮಾನಿಸಲು ನಾವು ಯಾರು ಎಂದು ಅವಳು ಕೇಳಿದಳು. ಅವನು ತಪ್ಪಾಯಿತು ಎಂದ. ಆ ರಾತ್ರಿ ಇಬ್ಬರಿಗೂ ಒಂದೇ ಕನಸು: ಮಂಟಪದ ಮುಂದೆ ಬಗೆಬಗೆಯ ಬಣ್ಣದ ಪಿಯೋನಿ ಹೂಗಳು, ಹಿಂದಿನಿಂದ ನಡೆದು ಬಂದ ಒಬ್ಬ ಚೆಲುವೆ. ನೀನು ದು ಲಿನ್ಯಾಂಗಳೇ ಎಂದು ಕೇಳಿದರೆ ಅವಳು ಉತ್ತರಿಸಲಿಲ್ಲ. ಹಿಂದಿರುಗಿ ಒಂದು ಹಸಿರು ಪ್ಲಮ್ ಕಾಯಿ ಕಿತ್ತು ಬೆರಳುಗಳ ನಡುವೆ ಹೊರಳಿಸಿದಳು. ಗಾಳಿ ಎದ್ದು ಹೂದಳಗಳೆಲ್ಲ ಆಕಾಶ ತುಂಬಿದವು. ಬೆಳಗಾದ ಮೇಲೆ ಚ್ಯೆನ್ ಯೀ ಕುಂಚ ತೆಗೆದುಕೊಂಡು, ಕನಸಿನಲ್ಲಿ ಕಂಡ ಮುಖವನ್ನು ಮರೆಯುವ ಮೊದಲೇ ಚಿತ್ರ ಬರೆದಳು.